ಕೆಳಗೆ ಮಿಷನ್, ಮೇಲೆ ಕತ್ತರಿ

ಆ ಓಣಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಮೊದಲು ಮಕ್ಕಳು ಕಟಿಂಗ್ ಮಾಮ ಅಂದರು. ಆ ಮಕ್ಕಳಿಗೆ ಮೀಸೆ ಬಂದ ಮೇಲೂ ಅದನ್ನೇ ಅಂದರು. ಕೊನೆಗೆ ಅವರ ಅಪ್ಪಂದಿರ ಬಾಯಲ್ಲೂ ಅದೇ ನಿಂತುಹೋಯಿತು. ಬಸ್ ನಿಲ್ದಾಣದ ಹಿಂದೆ ಅವನದು ಎರಡು ಕುರ್ಚಿಯ ಸಲೂನು. ಎದುರಿಗೊಂದು ಕನ್ನಡಿ, ಬೆನ್ನಿಗೊಂದು ಕನ್ನಡಿ, ಸರದಿ ಕಾಯುವವರಿಗೆ ಒಂದು ಕಾಲು ಕುಂಟುವ ಬೆಂಚು. ನಲವತ್ತು ವರ್ಷ ಅಲ್ಲಿ ನಿಂತು ಅವನ ಕೈ ಕಲಿತದ್ದು ಒಂದೇ ಸೂತ್ರ: ಕೆಳಗೆ ಮಿಷನ್, ಮೇಲೆ ಕತ್ತರಿ. ಕಿವಿಯ ಸುತ್ತ, ಕತ್ತಿನ ಹಿಂದೆ ಒತ್ತಿ ತೆಗೆಯಬೇಕು. ನೆತ್ತಿಯ ಮೇಲೆ ತುಂಬಾ ಬಿಡಬೇಕು. ಕುರ್ಚಿಯಲ್ಲಿ ಕುಳಿತವನು ಯಾವ ನಟನ ಫೋಟೋ ಬೇಕಾದರೂ ತೋರಿಸಲಿ, ಎದ್ದು ಹೋಗುವಾಗ ತಲೆ ಇದೇ ಆಕಾರದಲ್ಲಿ ಇರುತ್ತಿತ್ತು. ಕೇಳಿದರೆ, "ನಿನ್ ಮುಖಕ್ಕೆ ಇದೇ ಕಣೋ ಒಪ್ಪೋದು" ಅನ್ನುತ್ತಿದ್ದ. ಪಾಪ, ಜನ ನಂಬಿಕೊಂಡು ಹೋಗುತ್ತಿದ್ದರು.

ಅವನು ಮಾಮ ಆದ ಮೇಲೆ ಅವನ ಹೆಂಡತಿ ಎಲ್ಲರಿಗೂ ಅತ್ತೆ. ಅತ್ತೆಗೆ ದೊಡ್ಡಾಸ್ಪತ್ರೆಯಲ್ಲಿ ಕೆಲಸ. ವೈದ್ಯರ ಕೋಣೆಯ ಬಾಗಿಲಲ್ಲಿ ನಿಂತು ಚೀಟಿಯ ನಂಬರು ಕೂಗುವುದು. ಆಸ್ಪತ್ರೆಯವರು ಮೈಕು ಕೊಟ್ಟಿದ್ದರು, ಅದನ್ನು ಅವಳು ಒಂದು ದಿನವೂ ಮುಟ್ಟಲಿಲ್ಲ. "ಐವತ್ತೇಳು! ಯಾರಪ್ಪಾ ಐವತ್ತೇಳು, ನಿದ್ದೆ ಹೊಡೀತಿದ್ದೀರಾ?" ಅಂದರೆ ಗೇಟಿನ ಹೊರಗೆ ಹಣ್ಣು ತಿನ್ನುತ್ತಿದ್ದ ಐವತ್ತೇಳು ಓಡಿ ಬರುತ್ತಿತ್ತು. ಮನೆಗೆ ಬಂದ ಮೇಲೂ ಆ ಬಾಯಿಗೆ ವಿರಾಮ ಇರಲಿಲ್ಲ. ಸಂಜೆ ಹಿತ್ತಲಿನಲ್ಲಿ ಒಂದು ಗಿಡ್ಡ ಕುರ್ಚಿ ಹಾಕಿಕೊಂಡು, ತರಕಾರಿ ಹೆಚ್ಚುತ್ತಾ, ಹಿಂದಿನ ಓಣಿಯಲ್ಲಿ ಹೋಗಿ ಬರುವವರನ್ನೆಲ್ಲ ಹಿಡಿದು ನಿಲ್ಲಿಸಿ ಮಾತಾಡಿಸುತ್ತಿದ್ದಳು. ಅವಸರ ಇದ್ದವರು ಆ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದರು ಅಂದರೆ ಲೆಕ್ಕ ಹಾಕಿಕೊಳ್ಳಿ.

ಅಂಥ ಬಾಯಿಗೇ ಲಕ್ವ ಹೊಡೆಯಬೇಕೇ? ನಿವೃತ್ತಿಯಾಗಿ ಮೂರು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರೆಲ್ಲ ಎಡಗಡೆಯಿಂದಲೇ ಸುರಿಯಿತು. ಏನೋ ಹೇಳಲು ಹೋದಳು, ಮಾತು ಬರಲಿಲ್ಲ. ತಾನು ಅಷ್ಟು ವರ್ಷ ನಂಬರು ಕೂಗಿದ ಆಸ್ಪತ್ರೆಯಲ್ಲೇ ಒಂದು ತಿಂಗಳು ಮಲಗಿದಳು. ಸ್ವಾಧೀನ ತಪ್ಪಿದ್ದ ಕಾಲು ವಾಪಸ್ ಬಂತು, ಕೋಲು ಹಿಡಿದು ನಡೆಯುವಷ್ಟು. ಮುಖದ ಎಡಭಾಗ ಮಾತ್ರ ಜೋತುಬಿದ್ದದ್ದು ಹಾಗೇ ಉಳಿಯಿತು. ನಾಲಿಗೆ ತೊದಲುತ್ತಿತ್ತು, ಮಾತು ಅರ್ಧ ಬಾಯಲ್ಲೇ ಕರಗಿಹೋಗುತ್ತಿತ್ತು.

ಮಾತಿನ ಅಭ್ಯಾಸ ಮಾಡಿಸುವ ಮೇಡಂ ಮಾಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಮಾತ್ರೆಗಿಂತ ಜಾಸ್ತಿ ಇವ್ರಿಗೆ ಮಾತು ಬೇಕು. ನಿಮ್ಮೊಬ್ಬರ ಹತ್ರ ಆಡಿದ್ರೆ ಸಾಲದು, ನೀವು ಅರ್ಧಕ್ಕೇ ಅರ್ಥ ಮಾಡ್ಕೊಂಡ್ಬಿಡ್ತೀರ. ಬೇರೆಯವರ ಹತ್ರ ಆಡ್ಬೇಕು. ಸುಮ್ನೆ ಕೂತ್ರೆ ನಾಲಿಗೆ ಇಷ್ಟಕ್ಕೇ ನಿಂತ್ಹೋಗತ್ತೆ."

ಹೇಳುವುದು ಸುಲಭ. ಮನೆಗೆ ಬಂದ ವಾರದಲ್ಲೇ ಅತ್ತೆ ಮೂಲೆಯಂಗಡಿಗೆ ಹೋಗಿ ಸೋಪು ಕೇಳಿದಳು. ಅಂಗಡಿಯವನು "ಆಂ? ಏನಂದ್ರಿ?" ಅಂದ. ಮತ್ತೊಮ್ಮೆ ಹೇಳಿದಳು. "ಆಂ?" ಅಂದ. ಆಮೇಲೆ ಅವಳನ್ನು ಬಿಟ್ಟು ಮಾಮನ ಕಡೆ ತಿರುಗಿ, "ಏನ್ ಬೇಕಂತೆ ಇವ್ರಿಗೆ?" ಎಂದು ಕೇಳಿದ. ಕೆಟ್ಟ ಮನುಷ್ಯನೇನಲ್ಲ, ಬುದ್ಧಿ ಕಡಿಮೆ ಅಷ್ಟೆ. ಅತ್ತೆ ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡಳು. ಅಂಗಡಿಗೆ ಹೋಗಲಿಲ್ಲ, ಹಿತ್ತಲಿಗೂ ಬರಲಿಲ್ಲ. ಕೋಣೆಯ ಕಿಟಕಿಗೆ ಪರದೆ ಬಿತ್ತು. ಏನೇ ಇದ್ದರೂ ಮಾಮನ ಹತ್ತಿರ ಎರಡು ಮಾತು. ಅದನ್ನು ಊರಿಗೆ ದಾಟಿಸುವ ಕೆಲಸ ಮಾಮನದು.

"ಹಿತ್ತಲಲ್ಲಿ ಸ್ವಲ್ಪ ಹೊತ್ತು ಕೂತ್ಕೋ ಬಾರೇ, ಗಾಳಿ ಚೆನ್ನಾಗಿದೆ" ಅಂದರೆ, "ಎಲ್ಲ ನೋಡ್ತಾರೆ" ಅನ್ನುತ್ತಿದ್ದಳು.

"ಯಾರಿಗೂ ಕಾಣದ ಹಾಗೆ ಮರೆ ಮಾಡಿದ್ರೆ ಬರ್ತೀಯಾ?"

"ಬರ್ತೀನಿ" ಅಂದಳು ಅತ್ತೆ.

ಮಾಮನಿಗೆ ಅಷ್ಟೇ ಸಾಕಾಯಿತು. ಮೊದಲು ಹೊರಗೆ ಬರಲಿ, ಗಾಳಿಗೆ ಕೂರಲಿ. ಮರೆಯ ಆಚೆ ಜನ ಮಾತಾಡುವುದು ಕಿವಿಗೆ ಬಿದ್ದರೆ ಇವಳ ಬಾಯಿ ಎಷ್ಟು ದಿನ ಸುಮ್ಮನಿದ್ದೀತು? ಮುಖ ಕಾಣದೆ ಹೋದರೂ ಪರವಾಗಿಲ್ಲ, ಒಂದು ದಿನ ಈ ಕಡೆಯಿಂದ ಒಂದು ಮಾತು ಆ ಕಡೆಗೆ ಹೋದರೆ ಗೆದ್ದೆ. ಇದು ಅವನ ಲೆಕ್ಕಾಚಾರ. "ಎರಡು ವರ್ಷ ಕೊಡು ನನಗೆ" ಅಂದ.

ಗೋಡೆ ಕಟ್ಟೋಣವೆಂದರೆ ಮನೆಯ ಮಾಲೀಕ ಒಪ್ಪಲಿಲ್ಲ. ಅಡಿಯಲ್ಲಿ ಚರಂಡಿಯ ಕೊಳವೆ ಹಾದುಹೋಗಿತ್ತು. ತಗಡು ನಿಲ್ಲಿಸಿದ್ದು ಒಂದೇ ಗಾಳಿಗೆ ಪಕ್ಕದ ಬೇಕರಿಯ ಛಾವಣಿಯ ಮೇಲೆ ಹೋಗಿ ಕುಳಿತಿತು. ಉಳಿದದ್ದು ಗಿಡದ ಬೇಲಿ. ಆದರೆ ಓಣಿಯ ಆಚೆ ನಾಲ್ಕು ಅಂತಸ್ತಿನ ಗೋದಾಮು ನಿಂತು ಬಿಸಿಲನ್ನೆಲ್ಲ ನುಂಗುತ್ತಿತ್ತು. ಮಾಮ ನೆಟ್ಟ ಎರಡು ಜಾತಿಯ ಗಿಡ ಒಂದರ ಹಿಂದೊಂದು ಹಳದಿಯಾಗಿ ಕೈಕೊಟ್ಟವು.

ಆಗ ಅವನು ಊರಾಚೆಯ ನರ್ಸರಿಗೆ ಹೋದ. ಅಲ್ಲಿನ ಹೆಂಗಸು ನೇರ ಮಾತಿನವಳು, ಯಾರ ಮುಲಾಜೂ ಇಲ್ಲ.

"ಬಿಸಿಲು ಎಷ್ಟು ಹೊತ್ತು ಬೀಳತ್ತೆ ಅಲ್ಲಿ?"

"ಒಂದ್ ಗಂಟೆ. ಅದೂ ಸೂರ್ಯನಿಗೆ ಮನಸ್ಸಿದ್ರೆ."

"ಹಾಗಾದ್ರೆ ಈ ಮುಂದಿನ ಸಾಲು ಯಾವ್ದನ್ನೂ ಮುಟ್ಬೇಡಿ ಅಣ್ಣ. ಸಾಯಿಸ್ಬಿಟ್ಟು ನನ್ ತಲೆಗೆ ಕಟ್ತೀರ." ಅವಳು ಅವನನ್ನು ಹಿಂದಕ್ಕೆ, ಕಪ್ಪು ಬಲೆಯ ಕೆಳಗೆ ಕರೆದುಕೊಂಡು ಹೋದಳು. ಅಲ್ಲಿ ಎರಡನೇ ಸಲ ನೋಡಬೇಕು ಅನ್ನಿಸದ ಒಂದು ಪೊದೆ. "ಇದಕ್ಕೆ ಪುಸ್ತಕದಲ್ಲಿ ಉದ್ದ ಹೆಸರಿದೆ, ನನ್ ನಾಲಿಗೆ ಹೊರಳಲ್ಲ. ನಾವು ನೆರಳುಗಿಡ ಅಂತೀವಿ. ಕತ್ತಲೆ ಮೂಲೇಲಿ ಹಾಕಿದ್ರೂ ಬೇಜಾರು ಮಾಡ್ಕೊಳಲ್ಲ. ಒಂದೇ ತಕರಾರು, ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ಸತ್ತ ಹಾಗೆ ನಿಂತ್ಬಿಡತ್ತೆ. ಆಗ ಅಳ್ತಾ ನನ್ ಹತ್ರ ಓಡಿ ಬರ್ಬೇಡಿ."

"ಅಯ್ಯೋ, ಎಲೆ ಉದುರಿದ್ರೆ ಮರೆ?"

"ಕಡ್ಡಿ ಒತ್ತಾಗಿ ಬೆಳೆಸಿದ್ರೆ ಎಲೆ ಇಲ್ದಿದ್ರೂ ಅರ್ಧ ಮರೆ ಇರತ್ತೆ. ಆ ಚಳೀಲಿ ಹೊರಗೆ ಕೂರೋರಾದ್ರೂ ಯಾರು? ಕಟಿಂಗ್ ಕೊಡ್ಲಾ?"

ಮಾಮನಿಗೆ ನಗು ತಡೆಯಲಾಗಲಿಲ್ಲ. "ನಲವತ್ತು ವರ್ಷದಿಂದ ಊರಿಗೆಲ್ಲ ನಾನು ಕೊಡ್ತಾ ಇದ್ದೀನಿ ತಾಯಿ, ನೀವು ನನಗೆ ಕೊಡ್ತೀರಾ?"

ಅವಳು ಕೊಡುತ್ತೇನೆಂದದ್ದು ಬೇರು ಬಿಟ್ಟ ಕಡ್ಡಿಗಳನ್ನು. ಅವನ ಕಸುಬು ಗೊತ್ತಾದ ಮೇಲೆ ಅವಳೂ ನಕ್ಕಳು. ನಲವತ್ತೆರಡು ಗಿಡ ಕಟ್ಟಿಕೊಡುತ್ತಾ, "ನೆಟ್ಟ ದಿನವೇ ಅರ್ಧಕ್ಕೆ ಕತ್ರಿಸಿ. ಹೊಟ್ಟೆ ಉರಿಯತ್ತೆ, ಆದ್ರೂ ಕತ್ರಿಸಿ. ಆಗ್ಲೇ ಬುಡದಲ್ಲಿ ಕವಲೊಡೆಯೋದು. ಇನ್ನು ಆಕಾರ ಕೊಡೋವಾಗ..." ಎಂದು ಶುರು ಮಾಡಿದಳು.

"ಆಕಾರ ಕೊಡೋದು ನನಗೆ ಹೇಳ್ಕೊಡ್ತೀರಾ?" ಅಂದ ಮಾಮ. "ಅದೊಂದು ನನಗೆ ಬಿಟ್ಬಿಡಿ."

ಕೆಟ್ಟದ್ದು ಅಲ್ಲೇ. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಸುಬುದಾರನಿಗೆ ತನ್ನ ಕತ್ತರಿಯ ವಿಷಯದಲ್ಲಿ ಬೇರೆಯವರ ಮಾತು ಕಿವಿಗೆ ಹೋಗುವುದುಂಟೇ?

ಮಿಕ್ಕದ್ದನ್ನೆಲ್ಲ ಅವನು ಅವಳು ಹೇಳಿದ ಹಾಗೆಯೇ ಮಾಡಿದ. ಹಿತ್ತಲಿನ ಅಂಚಿನಲ್ಲಿ, ಓಣಿಯ ಉದ್ದಕ್ಕೂ ಮೊಳದಾಳ ಕಾಲುವೆ ತೋಡಿದ. ಹಳೆಯ ಇಟ್ಟಿಗೆ ಚೂರು, ಗಾಜು, ಯಾರದೋ ಒಂಟಿ ಚಪ್ಪಲಿ, ಎಲ್ಲ ಹೊರಬಂತು. ಎಲೆಗೊಬ್ಬರ ತುಂಬಿದ. ಎರಡು ಸಾಲು, ಮುಂದಿನ ಸಾಲಿನ ಸಂದಿಗೆ ಸರಿಯಾಗಿ ಹಿಂದಿನ ಸಾಲಿನ ಗಿಡ. ಅರ್ಧಕ್ಕೆ ಕತ್ತರಿಸಿದ. ಬೆಳಿಗ್ಗೆ ಸಲೂನು ತೆರೆಯುವ ಮುಂಚೆ ನೀರು, ಸಂಜೆ ಬಂದ ಮೇಲೆ ಮತ್ತೆ ವಿಚಾರಣೆ. ಮೊದಲ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿದಾಗ, ಮುಂಚೆಯೇ ಹೇಳಿದ್ದರೂ, ಅವನಿಗೆ ನಂಬಿಕೆ ಸಾಲಲಿಲ್ಲ. ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದ. ಒಳಗೆ ಎಳೆ ಹಸಿರು. ಆ ತುಂಡನ್ನು ಮುರಿದುಕೊಂಡು ಕೋಣೆಗೆ ಓಡಿ ಅತ್ತೆಯ ಕೈಗಿಟ್ಟ. ಅವಳು ಹಸಿರಿನ ಮೇಲೆ ಬೆರಳಾಡಿಸಿ, "ಇನ್ನೂ ಒಂದ್ ವರ್ಷ" ಅಂದಳು. ದಿನ ಎಣಿಸುತ್ತಿದ್ದಳು ಅಂತ ಅವನಿಗೆ ಅವತ್ತು ಗೊತ್ತಾಯಿತು.

ಎರಡನೆಯ ವರ್ಷ ಗಿಡ ಹಟಕ್ಕೆ ಬಿದ್ದು ಬೆಳೆಯಿತು. ವಾರದ ರಜೆಯ ದಿನ ಮಾಮ ಕತ್ತರಿ ಹಿಡಿದು ನಿಲ್ಲುತ್ತಿದ್ದ. ಬರೀ ಕತ್ತರಿಯಲ್ಲ, ಎಡಗೈಯಲ್ಲಿ ಬಾಚಣಿಗೆ! ಚಿಗುರನ್ನು ಬಾಚಣಿಗೆಯಿಂದ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಚಕ್ ಚಕ್ ಅಂತ ತುದಿ ತೆಗೆಯುವುದು. ಕೆಳಗಡೆ ಒತ್ತಿ ಒತ್ತಿ ಸವರುವುದು, ಮೇಲ್ಗಡೆ ತುಂಬಾ ಬಿಡುವುದು. ಓಣಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ಮಾಮಾ, ಕಟಿಂಗ್ ಆದ್ಮೇಲೆ ಪೌಡರ್ ಹಾಕಲ್ವಾ?"

"ನೀನು ಬಾ, ನಿನಗೂ ಹಾಕ್ತೀನಿ" ಅನ್ನುತ್ತಿದ್ದ ಮಾಮ, ಒಳಗೊಳಗೇ ಉಬ್ಬಿಕೊಂಡು.

ಬೇಸಿಗೆ ಬರುವಷ್ಟರಲ್ಲಿ ಬೇಲಿ ಆಳೆತ್ತರ ಆಯಿತು. ಮಾಮ ಓಣಿಗೆ ಹೋಗಿ ನಿಂತು ನೋಡಿದ. ತನ್ನ ಕಣ್ಣಿನ ಮಟ್ಟಕ್ಕೆ ದಟ್ಟ ಹಸಿರು. ಹಿತ್ತಲು ಒಂದಿಷ್ಟೂ ಕಾಣಲಿಲ್ಲ. ನಿಂತವರೇ ಕಾಣದ ಮೇಲೆ ಕುಳಿತವರು ಕಂಡಾರೆಯೇ ಎಂದುಕೊಂಡ. ಪುಣ್ಯಾತ್ಮ, ಒಂದು ಸಲ ಬಗ್ಗಿ ನೋಡಲಿಲ್ಲ. ನಲವತ್ತು ವರ್ಷ ಅವನು ನಿಂತೇ ಕೆಲಸ ಮಾಡಿದವನು.

ಒಂದು ಸಂಜೆ ಅತ್ತೆಯನ್ನು ಕರೆತಂದ. ಅವಳು ತಲೆ ಬಾಚಿಕೊಂಡಿದ್ದಳು, ಒಳ್ಳೆಯ ಶಾಲು ಹೊದ್ದಿದ್ದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ತಲೆಯೆತ್ತಿ ಮೇಲಿನ ಹಸಿರನ್ನು ನೋಡಿ, "ದೊಡ್ಡದಾಗಿದೆ" ಅಂದಳು. ಬಂದು ತನ್ನ ಗಿಡ್ಡ ಕುರ್ಚಿಯಲ್ಲಿ ಕುಳಿತಳು. ಹೊರಗೆ ಕುಳಿತು ಎರಡು ವರ್ಷದ ಮೇಲಾಗಿತ್ತು. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವುದನ್ನು ಮಾಮ ನೋಡುತ್ತಾ ನಿಂತ.

ಆ ಹೊತ್ತಿಗೇ ಇಸ್ತ್ರಿಯವಳು ಬಟ್ಟೆಯ ಗಂಟು ಹೊತ್ತು ಓಣಿಯಲ್ಲಿ ಬಂದಳು. ಗಂಟು ಸಡಿಲವಾಗಿತ್ತು. ಅದನ್ನು ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕುಳಿತು ಬಿಗಿಯಾಗಿ ಕಟ್ಟತೊಡಗಿದಳು. ತಲೆ ಎತ್ತಿದರೆ ಎದುರಿಗೇ ಅತ್ತೆಯ ಮುಖ!

"ಅತ್ತೇ! ಅಯ್ಯೋ, ಎಷ್ಟು ದಿನ ಆಯ್ತು ಅತ್ತೆ ನಿಮ್ ಮುಖ ನೋಡಿ!"

ನಿಜವಾದ ಖುಷಿಯಿಂದಲೇ ಕೂಗಿದ್ದು, ಪಾಪದವಳು. ಅತ್ತೆ ಬೆಚ್ಚಿ ಶಾಲಿನಿಂದ ಎಡಗೆನ್ನೆ ಮುಚ್ಚಿಕೊಂಡಳು. ಕೋಲನ್ನೂ ತೆಗೆದುಕೊಳ್ಳದೆ, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಾನೇನಂದೆ ಮಾಮಾ? ತಪ್ಪು ಏನಾದ್ರೂ..."

"ನೀನೇನೂ ಅನ್ಲಿಲ್ಲ ಮಗಳೇ" ಅಂದ ಮಾಮ. ಅವನು ಆಗ ಬಗ್ಗಿ ನೋಡಿದ. ಮೇಲೆ ಅಷ್ಟು ಸೊಂಪಾದ ಬೇಲಿ, ಸೊಂಟದಿಂದ ಕೆಳಗೆ ಬರೀ ಬೋಳು ಕಡ್ಡಿ. ಕುಳಿತವರ ಮುಖದ ಮಟ್ಟಕ್ಕೆ ಒಂದೇ ಒಂದು ಎಲೆ ಇರಲಿಲ್ಲ. ಆಚೆಗೆ ಇಸ್ತ್ರಿಯವಳ ಗಂಟಿನ ಗಂಟೂ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾರನೆಯ ದಿನ ನರ್ಸರಿಯವಳು ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಇದೇನಣ್ಣ, ಬೇಲಿನೋ ಅಣಬೇನೋ? ಮೇಲೆ ಇಷ್ಟಗಲ ಬಿಟ್ರೆ ಕೆಳಗಿನ ಎಲೆಗೆ ಬೆಳಕು ಎಲ್ಲಿಂದ ಬರ್ಬೇಕು? ಮೊದ್ಲೇ ನೆರಳು ಜಾಗ. ಬೇಲಿಗೆ ಬುಡ ಅಗಲ, ತಲೆ ಚಿಕ್ಕದು. ನೀವು ಮನುಷ್ಯರ ತಲೆಗೆ ಮಾಡ್ದಂಗೆ ಮಾಡಿದ್ದೀರ."

ಮಾಮ ತಲೆ ತಗ್ಗಿಸಿ ನಿಂತ. "ಇದಕ್ಕೇನು ಮದ್ದು?"

"ಎಲೆ ಉದುರಿದ ಮೇಲೆ ಗೇಣುದ್ದ ಬಿಟ್ಟು ಪೂರ್ತಿ ತೆಗೀಬೇಕು. ಬುಡದಿಂದ ಹೊಸದಾಗಿ ಬರತ್ತೆ. ಗಟ್ಟಿ ಗಿಡ."

"ಮತ್ತೆ ಎರಡು ವರ್ಷವಾ?"

"ಮತ್ತೆ ಎರಡು ವರ್ಷ" ಅಂದಳು. ಅವಳ ದನಿಯೂ ಸ್ವಲ್ಪ ಮೆತ್ತಗಾಗಿತ್ತು.

ಈ ಮಾತನ್ನು ಅತ್ತೆಗೆ ಹೇಗೆ ಹೇಳುವುದು? ಮಾಮ ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಇದ್ದ ಎರಡು ಮಾತೂ ಹೋಗಿ, ನೀರು ಬೇಕಾದರೆ ಲೋಟ ತೋರಿಸುವ ಮಟ್ಟಕ್ಕೆ ಬಂದಳು. ನಾಲಿಗೆ ಇಷ್ಟಕ್ಕೇ ನಿಂತ್ಹೋಗತ್ತೆ ಎಂದ ಮೇಡಂ ಅವರ ಮಾತು ಮಾಮನ ತಲೆ ತಿನ್ನುತ್ತಿತ್ತು. ಸಲೂನಿನಲ್ಲಿ ಕೂದಲು ಕತ್ತರಿಸುತ್ತಾ ಕತ್ತರಿಸುತ್ತಾ ಕೈ ನಿಲ್ಲಿಸಿಬಿಡುತ್ತಿದ್ದ. ಕುರ್ಚಿಯವನು ಕನ್ನಡಿಯಲ್ಲಿ ನೋಡಿ, "ಮಾಮಾ, ಇನ್ನೊಂದು ಕಿವಿ ಬಾಕಿ ಇದೆ" ಎಂದು ನೆನಪಿಸಬೇಕಾಗುತ್ತಿತ್ತು.

ಚಳಿ ಬಂತು, ಎಲೆ ಉದುರಿತು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಮಾಮ ಗರಗಸ ಹಿಡಿದುಕೊಂಡೇ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕುಳಿತ.

"ತಪ್ಪು ನಂದು ಕಣೇ. ಊರವರ ತಲೆಗೆಲ್ಲ ಮಾಡೋದನ್ನೇ ಬೇಲಿಗೂ ಮಾಡ್ಬಿಟ್ಟೆ. ನನ್ ಕೈಗೆ ಬೇರೆ ಆಕಾರ ಬರಲ್ಲ. ಎಲ್ಲ ಕಡಿದು ಮೊದಲಿಂದ ಶುರು ಮಾಡ್ಬೇಕಂತೆ."

ಅತ್ತೆ ಅವನ ಮುಖವನ್ನೇ ನೋಡಿದಳು. ಆಮೇಲೆ ಒಂದೊಂದೇ ಮಾತನ್ನು ಹೊರಗೆ ತಳ್ಳಿದಳು. "ಮದುವೆ ದಿನ... ನಮ್ಮಣ್ಣನ ತಲೇನೂ... ಹಾಗೇ ಮಾಡಿದ್ರಿ." ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಗು ಬಂತು. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು, ಆದರೆ ಪೂರ್ತಿ ನಕ್ಕಿತು. ಮಾಮನೂ ನಕ್ಕ, ನಗುತ್ತಲೇ ಮೂಗು ಒರೆಸಿಕೊಂಡ.

"ಕಡೀರಿ" ಅಂದಳು ಅತ್ತೆ.

ಕಡಿದ. ನಲವತ್ತೆರಡು ಮೋಟು ಉಳಿದವು. ಹಿತ್ತಲು ಬಟಾಬಯಲಾಯಿತು. ಆದರೆ ಚಳಿ ಮುಗಿಯುತ್ತಿದ್ದಂತೆ ಆ ಮೋಟುಗಳ ಬುಡದಿಂದ ಒಂದಕ್ಕೆ ಹತ್ತರಂತೆ ಚಿಗುರು ನುಗ್ಗಿದವು. ಅತ್ತೆ ಕಿಟಕಿಯ ಪರದೆಯನ್ನು ಒಂದಂಗುಲ ಸರಿಸಿ ನೋಡತೊಡಗಿದಳು. ಇನ್ನೊಂದು ವಾರಕ್ಕೆ ನಾಲ್ಕಂಗುಲ. ಸಂಜೆ ಮಾಮ ಬಂದರೆ, "ಮೂರನೇದು... ಹಿಂದೆ ಬಿದ್ದಿದೆ" ಎಂಬಂಥ ವರದಿ ಸಿಗುತ್ತಿತ್ತು. ನರ್ಸರಿಯವಳು ಹೇಳಿದ್ದನ್ನು ಮಾಮ ಅವಳಿಗೆ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ್ದ: ಬುಡ ಅಗಲ, ತಲೆ ಚಿಕ್ಕದು.

ಗಿಡ ಮೊಣಕಾಲುದ್ದ ಬಂದಾಗ ಮೊದಲ ಸಲ ಕತ್ತರಿ ಹಾಕುವ ದಿನ ಬಂತು. ಮಾಮ ಬುಡ ಅಗಲ, ತಲೆ ಚಿಕ್ಕದು ಎಂದು ಬಾಯಲ್ಲೇ ಜಪಿಸಿಕೊಂಡು ಶುರು ಮಾಡಿದ. ಮೊದಲೆರಡು ಗಿಡ ಸರಿಯಾಗಿಯೇ ಬಂದವು. ಮೂರನೆಯದಕ್ಕೆ ಜಪ ಮರೆತು ಒಂದು ಹಳೆಯ ಹಾಡು ಬಾಯಿಗೆ ಬಂತು. ಹಾಡು ಬಂದದ್ದೇ ತಡ, ಕೈ ತನ್ನ ದಾರಿ ಹಿಡಿಯಿತು. ಬುಡದ ಚಿಗುರೆಲ್ಲ ಚಕ್ ಚಕ್ ಅಂತ ನೆಲಕ್ಕೆ ಬೀಳತೊಡಗಿದವು.

ಅತ್ತೆ ಕಿಟಕಿಯ ಗಾಜು ಬಡಿದಳು. ನಲವತ್ತು ವರ್ಷ ಮಿಷನ್ನಿನ ಗುಂಯ್ ಸದ್ದು ಕೇಳಿದ ಕಿವಿ ಅವನದು, ಕೇಳಲಿಲ್ಲ. ಮತ್ತೆ ಬಡಿದಳು. ಮಾಮ ನಾಲ್ಕನೆಯದಕ್ಕೆ ದಾಟಿದ. ಐದನೆಯದಕ್ಕೆ ಬಗ್ಗಿದ.

ಅಡುಗೆಮನೆಯ ಬಾಗಿಲು ಧಡಾರನೆ ತೆರೆದುಕೊಂಡಿತು.

"ನಿಲ್ಸ್ರೀ!"

ಮಾಮನ ಕೈಯಿಂದ ಕತ್ತರಿ ಬಿತ್ತು. ಅತ್ತೆ ಹಿತ್ತಲಿನ ನಡುವೆ, ಕೆದರಿದ ತಲೆಯಲ್ಲಿ, ಶಾಲಿಲ್ಲದೆ, ಕೋಲೂರಿ ನಿಂತಿದ್ದಳು. ಓಣಿಯಲ್ಲಿ ಇಸ್ತ್ರಿಯವಳು ಗಂಟು ಹೊತ್ತವಳು ಹಾಗೇ ನಿಂತುಬಿಟ್ಟಳು. ಅವಳ ಹಿಂದೆ ಬೇಕರಿಯವನ ಸೈಕಲ್ಲೂ ನಿಂತಿತು. ಮಧ್ಯದಲ್ಲಿ ಮೊಣಕಾಲುದ್ದದ ಗಿಡ ಬಿಟ್ಟರೆ ಏನೂ ಇರಲಿಲ್ಲ. ಮಾಮ ಓಡಿಹೋಗಿ ಎರಡು ಕೈ ಚಾಚಿ ಹೆಂಡತಿಗೆ ಅಡ್ಡ ನಿಂತ. ಅವಳು ಅವನನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿ ಬುಡದ ಕಡೆ ನೋಡುತ್ತಾ ಏನೋ ಅಂದಳು. ಸಿಟ್ಟಿಗೆ ಮಾತು ಇನ್ನಷ್ಟು ಕಲಸಿಹೋಯಿತು.

"ಏನಂದ್ರಿ ಅತ್ತೆ?" ಎಂದು ಕೇಳಿದಳು ಇಸ್ತ್ರಿಯವಳು.

ಅತ್ತೆ ಏನಂದಳೆಂದು ಮಾಮನಿಗೆ ಗೊತ್ತಿತ್ತು. "ಏನಿಲ್ಲಮ್ಮ, ಅವಳು ಹೇಳಿದ್ದು..." ಎಂದು ಬಾಯಿ ತೆರೆದ. ಅತ್ತೆ ಅವನ ಕಡೆ ತಿರುಗಿಯೂ ನೋಡದೆ ಕೈ ಅಡ್ಡ ಹಿಡಿದಳು. ಅವನು ಬಾಯಿ ಮುಚ್ಚಿಕೊಂಡ.

ಅತ್ತೆ ಮತ್ತೊಮ್ಮೆ ಹೇಳಿದಳು.

"ಬುಡ... ಏನು ಅತ್ತೆ? ಕಡೀಬೇಕಾ?"

ಅತ್ತೆ ತಲೆಯಾಡಿಸಿ ಅಲ್ಲ ಅಂದಳು. ಅವಳ ಕತ್ತಿನ ನರ ಉಬ್ಬಿದ್ದು, ಬಾಯಿಯ ಬಲಭಾಗ ಎಡಭಾಗವನ್ನು ಎಳೆದುಕೊಂಡು ಹೋಗಲು ಒದ್ದಾಡಿದ್ದು ಎಲ್ಲರಿಗೂ ಕಂಡಿತು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ.

"ಬುಡ... ಅಗಲ... ಬಿಡ್ಬೇಕು."

"ಓ! ಬುಡ ಅಗಲ ಬಿಡ್ಬೇಕಾ?"

"ಹೂಂ" ಅಂದಳು ಅತ್ತೆ, ದೊಡ್ಡದಾಗಿ ಉಸಿರು ಬಿಟ್ಟು. "ಇವ್ರಿಗೆ... ಅರ್ಥ ಆಗಲ್ಲ."

ಇಸ್ತ್ರಿಯವಳು ಗಂಟನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು ಮಾಮನನ್ನು ದಬಾಯಿಸಿದಳು. "ಮಾಮಾ, ಬುಡ ಅಗಲ ಬಿಡ್ಬೇಕಂತೆ. ಅತ್ತೆ ಎಷ್ಟು ಸಲ ಹೇಳ್ಬೇಕು ನಿಮಗೆ?"

"ಹೇಳ್ಲಿ ಮಗಳೇ" ಅಂದ ಮಾಮ. ಕತ್ತರಿ ಎತ್ತಿಕೊಳ್ಳಲು ಬಗ್ಗಿದವನಿಗೆ ಅದು ಎಲ್ಲಿದೆ ಎಂದು ಕಾಣಲಿಲ್ಲ. "ಎಷ್ಟು ಸಲ ಬೇಕಾದ್ರೂ ಹೇಳ್ಲಿ."